ಯುದ್ಧ ನಿಲ್ಲಿಸುವ ವಾದಕ್ಕೆ ನಾಲ್ಕು ಉಚಿತ ಕಡತಗಳು: ತುಮಕೂರಿನ ಚರ್ಚಾಪಟುಗಳಿಗೆ ಯಾವುದು ಸರಿ?

ತುಮಕೂರಿನ ಕಾಲೇಜುಗಳ ಚರ್ಚಾ ಸ್ಪರ್ಧೆಯಲ್ಲಿ ಯುದ್ಧ, ಶಾಂತಿಯ ವಿಷಯ ಬಂದಾಗಲೆಲ್ಲ ಒಂದೇ ತೊಂದರೆ. ಪರ ನಿಂತವರೂ ವಿರೋಧ ನಿಂತವರೂ ಬುದ್ಧ, ಗಾಂಧಿ, ಕಳಿಂಗ ಎಂದು ಶುರುಮಾಡುತ್ತಾರೆ. ಯುದ್ಧವನ್ನು ಯಾವ ದಿನ, ಯಾವ ಷರತ್ತಿನ ಮೇಲೆ, ಯಾರ ಜತೆ ಕೂತು ಮಾತಾಡಿ ನಿಲ್ಲಿಸಬೇಕು ಎಂಬ ಅಸಲು ಪ್ರಶ್ನೆಗೆ ಬರುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ. ಇದೇ ಪ್ರಶ್ನೆಯ ಮೇಲೆ ಇಬ್ಬರು ಅಭ್ಯರ್ಥಿಗಳು ಮತ ಕೇಳುತ್ತಾ ಎದುರುಬದುರು ನಿಂತು ಕಿತ್ತಾಡಿದ ದಾಖಲೆ ಅಮೆರಿಕದ ಅಧ್ಯಕ್ಷೀಯ ಚುನಾವಣೆಗಳಲ್ಲಿ ಹೇರಳವಾಗಿದೆ. ಅದು ಮನೆಯಲ್ಲೇ ಕೂತು ಕಾಸಿಲ್ಲದೆ ಓದಲು ಸಿಗುತ್ತದೆ. ಆದರೆ ಎಲ್ಲಿ ಓದಬೇಕು ಎಂಬುದರ ಮೇಲೆ ಫಲ ನಿಂತಿದೆ. ವಿದ್ಯಾರ್ಥಿಗಳು ಸಾಮಾನ್ಯವಾಗಿ ತೆರೆಯುವ ನಾಲ್ಕು ಸೇವೆಗಳನ್ನು ಇಲ್ಲಿ ತೂಗಿ ನೋಡಲಾಗಿದೆ: ಅಮೆರಿಕನ್ ಪ್ರೆಸಿಡೆನ್ಸಿ ಪ್ರಾಜೆಕ್ಟ್, ಅಧ್ಯಕ್ಷೀಯ ಚರ್ಚೆಗಳ ಆಯೋಗದ ತಾಣ, ಸಿ-ಸ್ಪ್ಯಾನ್ ವಿಡಿಯೊ ಗ್ರಂಥಾಲಯ ಮತ್ತು ಯೂಟ್ಯೂಬ್‌ನ ಕನ್ನಡ ಸಬ್‌ಟೈಟಲ್.

ತೀರ್ಪು ಮೊದಲೇ ಹೇಳಿಬಿಡೋಣ. ಒಂದೇ ಒಂದನ್ನು ಇಟ್ಟುಕೊಳ್ಳಬೇಕೆಂದರೆ ಅಮೆರಿಕನ್ ಪ್ರೆಸಿಡೆನ್ಸಿ ಪ್ರಾಜೆಕ್ಟ್, ಐದಕ್ಕೆ ನಾಲ್ಕೂವರೆ. ಆಯೋಗದ ತಾಣ ಚೊಕ್ಕವಾಗಿದೆ, ಆದರೆ 2020ಕ್ಕೆ ನಿಂತುಹೋಗಿದೆ, ಮೂರೂವರೆ. ಸಿ-ಸ್ಪ್ಯಾನ್ ಓದಲು ಅಲ್ಲ, ಅನುಮಾನ ಬಂದಾಗ ಕೇಳಿ ಖಚಿತ ಮಾಡಿಕೊಳ್ಳಲು, ನಾಲ್ಕು. ಯೂಟ್ಯೂಬ್‌ನ ಕನ್ನಡ ಸಬ್‌ಟೈಟಲ್ ನಂಬಿ ವೇದಿಕೆ ಹತ್ತಬೇಡಿ; ಒಂದೂವರೆ, ಅದೂ ಬಿಟ್ಟಿ ಎಂಬ ಕಾರಣಕ್ಕೆ.

ಅಮೆರಿಕನ್ ಪ್ರೆಸಿಡೆನ್ಸಿ ಪ್ರಾಜೆಕ್ಟ್

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕ್ಯಾಂಪಸ್ಸಿನಲ್ಲಿ ಜಾನ್ ವೂಲಿ ಮತ್ತು ಗೆರ್‌ಹಾರ್ಡ್ ಪೀಟರ್ಸ್ 1999ರಲ್ಲಿ ಶುರುಮಾಡಿದ ಕಡತ ಇದು. ಲಾಗಿನ್ ಬೇಡ, ಹಣ ಬೇಡ. 1960ರ ಕೆನಡಿ–ನಿಕ್ಸನ್ ಚರ್ಚೆಯಿಂದ 2024ರವರೆಗಿನ ಚರ್ಚೆಗಳ ಪೂರ್ತಿ ಪಠ್ಯ ಇಲ್ಲಿದೆ. ಅದಕ್ಕಿಂತ ಮುಖ್ಯವಾಗಿ, ಪಕ್ಷದೊಳಗಿನ ಪ್ರಾಥಮಿಕ ಸುತ್ತಿನ ಚರ್ಚೆಗಳೂ ಪಕ್ಷಗಳ ಪ್ರಣಾಳಿಕೆಗಳೂ ಅದೇ ಸೂರಿನಡಿ ಇವೆ. ಯುದ್ಧದ ಬಗ್ಗೆ ಅಭ್ಯರ್ಥಿಗಳು ಖಾರವಾಗಿ ಮಾತಾಡುವುದು ಹೆಚ್ಚಾಗಿ ಪ್ರಾಥಮಿಕ ಸುತ್ತಿನಲ್ಲೇ. ಕೊನೆಯ ಸುತ್ತಿಗೆ ಬರುವಾಗ ಇಬ್ಬರೂ ಮಾತು ಮೆತ್ತಗೆ ಮಾಡಿಕೊಂಡಿರುತ್ತಾರೆ.

ತಾಣದ ಹುಡುಕು ಪೆಟ್ಟಿಗೆಗೆ ‘ಇರಾಕ್’ ಎಂದು ಬಡಿದರೆ ಅಧ್ಯಕ್ಷರ ಪತ್ರ, ಆದೇಶ, ಪತ್ರಿಕಾಗೋಷ್ಠಿ ಎಲ್ಲ ಸೇರಿ ಸಾವಿರಗಟ್ಟಲೆ ಕಡತ ಸುರಿಯುತ್ತದೆ. ಹಾಗಾಗಿ ಆ ದಾರಿ ಬೇಡ. ಗೂಗಲ್‌ನಲ್ಲಿ ತಾಣದ ಹೆಸರಿನ ಜತೆ ‘ಪ್ರೆಸಿಡೆನ್ಷಿಯಲ್ ಡಿಬೇಟ್ಸ್’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟರೆ ವರ್ಷವಾರು ಪಟ್ಟಿಯ ಪುಟವೇ ಬರುತ್ತದೆ. ಅಲ್ಲಿಂದ ದಿನಾಂಕ ನೋಡಿ ಒಳಗೆ ಹೋಗಿ. ಪುಟ ತೆರೆದ ಮೇಲೆ ಕಂಪ್ಯೂಟರ್‌ನಲ್ಲಿ ಕಂಟ್ರೋಲ್ ಎಫ್, ಮೊಬೈಲ್ ಕ್ರೋಮ್‌ನಲ್ಲಿ ಮೂರು ಚುಕ್ಕಿ ಒತ್ತಿ ಪುಟದೊಳಗೆ ಹುಡುಕುವ ಆಯ್ಕೆ. ಹುಡುಕಬೇಕಾದದ್ದು ದೇಶದ ಹೆಸರಲ್ಲ. ‘ಟೈಮ್‌ಟೇಬಲ್’, ‘ವಿತ್‌ಡ್ರಾ’, ‘ಟ್ರೂಪ್ಸ್’, ‘ಕಂಡೀಷನ್ಸ್’ ಈ ನಾಲ್ಕನ್ನು ಇಂಗ್ಲಿಷಿನಲ್ಲಿ ಹಾಕಿದರೆ ಜಗಳದ ಜಾಗಕ್ಕೆ ನೇರ ಇಳಿಯುತ್ತೀರಿ. ಸಿಕ್ಕ ಸಾಲಿನಿಂದ ಮೇಲಕ್ಕೆ ಹೋಗಿ ನಿರೂಪಕರ ಪ್ರಶ್ನೆಯಿಂದ ಓದಲು ಶುರುಮಾಡಬೇಕು. ಪ್ರಶ್ನೆ ಬಿಟ್ಟು ಉತ್ತರ ಮಾತ್ರ ಎತ್ತಿಕೊಂಡವರು, ಅಭ್ಯರ್ಥಿ ಪ್ರಶ್ನೆಯನ್ನು ತಪ್ಪಿಸಿಕೊಂಡ ಜಾಣತನವನ್ನು ಕಾಣುವುದೇ ಇಲ್ಲ.

ಮಾದರಿಗೆ 2008ರ ಸೆಪ್ಟೆಂಬರ್ 26ರ ಚರ್ಚೆ ತೆಗೆದುಕೊಳ್ಳಿ. ಮಿಸಿಸಿಪಿ ವಿಶ್ವವಿದ್ಯಾಲಯದಲ್ಲಿ ನಡೆದದ್ದು, ನಡೆಸಿಕೊಟ್ಟವರು ಜಿಮ್ ಲೆಹ್ರರ್, ಎದುರುಬದುರು ಬರಾಕ್ ಒಬಾಮಾ ಮತ್ತು ಜಾನ್ ಮೆಕೇನ್. ವಿಷಯ ವಿದೇಶಾಂಗ ನೀತಿ ಎಂದಿದ್ದರೂ ಬ್ಯಾಂಕುಗಳು ಮುಳುಗುತ್ತಿದ್ದ ವಾರವಾದ್ದರಿಂದ ಆರಂಭದ ದೊಡ್ಡ ಪಾಲು ಹಣಕಾಸಿನ ಬಿಕ್ಕಟ್ಟಿಗೇ ಹೋಯಿತು. ಅದನ್ನು ಓದುತ್ತಾ ಕೂತರೆ ಒಂದು ಸಂಜೆ ಖರ್ಚು. ಇರಾಕಿನ ಪಾಠಗಳೇನು ಎಂದು ಲೆಹ್ರರ್ ಕೇಳುವಲ್ಲಿಗೆ ಹಾರಿ. ಅಲ್ಲಿಂದ ಮುಂದಿನ ಕೆಲವು ಪುಟ ಬಂಗಾರ.

ಒಬಾಮಾ ವಾದ: ಯುದ್ಧಕ್ಕೆ ಇಳಿದದ್ದೇ ತಪ್ಪು, 16 ತಿಂಗಳಲ್ಲಿ ಕಾದಾಟದ ತುಕಡಿಗಳನ್ನು ವಾಪಸ್ ತರಬಹುದು. ಮೆಕೇನ್ ವಾದ: ಇಳಿದದ್ದು ಸರಿಯೋ ತಪ್ಪೋ ಎಂಬುದು ಮುಂದಿನ ಅಧ್ಯಕ್ಷನ ಪ್ರಶ್ನೆಯಲ್ಲ, ಹೇಗೆ, ಯಾವಾಗ, ಏನು ಉಳಿಸಿ ಹೊರಡುತ್ತೇವೆ ಎಂಬುದು ಪ್ರಶ್ನೆ; 2007ರಲ್ಲಿ ಹೆಚ್ಚುವರಿ ಸೇನೆ ಕಳಿಸಿದ್ದು ಫಲ ಕೊಟ್ಟಿದೆ, ಅದನ್ನು ಎದುರಾಳಿ ಒಪ್ಪುತ್ತಿಲ್ಲ. ಒಬಾಮಾಗೆ ತಂತ್ರಕ್ಕೂ ಕಾರ್ಯತಂತ್ರಕ್ಕೂ ವ್ಯತ್ಯಾಸ ಗೊತ್ತಿಲ್ಲ ಎಂದು ಮೆಕೇನ್ ಚುಚ್ಚಿದರೆ, ಯುದ್ಧ 2007ರಲ್ಲಿ ಶುರುವಾಯಿತು ಎಂಬಂತೆ ಮಾತಾಡುತ್ತೀರಿ, ಶುರುವಾದದ್ದು 2003ರಲ್ಲಿ ಎಂದು ಒಬಾಮಾ ತಿರುಗಿಸುತ್ತಾರೆ. ಆ ಮೇಲೆ ‘ನೀವು ಹೇಳಿದ್ದು ತಪ್ಪಾಯಿತು’ ಎಂಬ ಮಾತನ್ನು ಪಲ್ಲವಿಯ ಹಾಗೆ ಮತ್ತೆ ಮತ್ತೆ ಹಾಕುತ್ತಾರೆ. ಗಮನಿಸಬೇಕಾದ್ದು: ಇಬ್ಬರೂ ಬೇರೆ ಬೇರೆ ವರ್ಷದಲ್ಲಿ ನಿಂತು ವಾದಿಸುತ್ತಿದ್ದಾರೆ. ಒಬ್ಬರಿಗೆ ಗೆಲುವು 2003ರ ನಿರ್ಧಾರದಲ್ಲಿ, ಇನ್ನೊಬ್ಬರಿಗೆ 2007ರ ನಿರ್ಧಾರದಲ್ಲಿ. ತನಗೆ ಅನುಕೂಲದ ವರ್ಷಕ್ಕೆ ಎದುರಾಳಿಯನ್ನು ಎಳೆದು ತರುವ ಈ ವರಸೆ ಐದು ನಿಮಿಷದ ಕನ್ನಡ ಚರ್ಚೆಯಲ್ಲೂ ನಡೆಯುತ್ತದೆ.

ಅದೇ ಭಾಗದಲ್ಲಿ ಸೇನೆಗೆ ಹಣ ಕೊಡುವ ಮಸೂದೆಯ ಗಲಾಟೆ ಇದೆ. ಒಬಾಮಾ ಸೈನಿಕರ ಹಣಕ್ಕೇ ವಿರುದ್ಧ ಮತ ಹಾಕಿದರು ಎಂದು ಮೆಕೇನ್. ಗಡುವು ಇದ್ದ ಮಸೂದೆಯನ್ನು ನೀವು ವಿರೋಧಿಸಿದಿರಿ, ಗಡುವಿಲ್ಲದ್ದನ್ನು ನಾನು ವಿರೋಧಿಸಿದೆ ಎಂದು ಒಬಾಮಾ. ವೃತ್ತಪತ್ರಿಕೆಯ ಸಾರಾಂಶದಲ್ಲಿ ಮೊದಲಿನ ಆರೋಪ ಉಳಿದು ಎರಡನೆಯ ವಿವರಣೆ ಹಾರಿಹೋಗಿರುತ್ತದೆ. ಪೂರ್ತಿ ಪಠ್ಯ ಓದುವುದರ ಲಾಭ ಇಲ್ಲಿದೆ.

ಓದುವಾಗ ಒಂದು ಹಾಳೆಯನ್ನು ಅಡ್ಡ ಹಿಡಿದು ನಾಲ್ಕು ಕಾಲಂ ಗೀಚಿಕೊಳ್ಳಿ: ದಿನಾಂಕ, ಷರತ್ತು, ಹಿಂದೆ ಉಳಿಯುವವರು, ಮಾತುಕತೆ ಯಾರ ಜತೆ. ಪ್ರತಿ ಅಭ್ಯರ್ಥಿಗೂ ಒಂದೊಂದು ಸಾಲು. ಒಬಾಮಾ ಸಾಲಿನಲ್ಲಿ 16 ತಿಂಗಳು. ಹೊರಡುವಲ್ಲಿ ಎಚ್ಚರಿಕೆ ಎಂಬ ಮಾತು. ಒಂದು ಸಣ್ಣ ಪಡೆ ಉಳಿಯುತ್ತದೆ ಎಂಬ ಅಂಶ. ಇರಾನಿನ ಜತೆಗೂ ಮಾತು. ಮೆಕೇನ್ ಸಾಲಿನಲ್ಲಿ ದಿನಾಂಕದ ಮನೆ ಖಾಲಿ, ಷರತ್ತಿನ ಮನೆಯಲ್ಲಿ ಗೆಲುವು ಮತ್ತು ಗೌರವ, ಇರಾನಿನ ಅಧ್ಯಕ್ಷರ ಜತೆ ಪೂರ್ವಷರತ್ತಿಲ್ಲದೆ ಕೂರುವುದಕ್ಕೆ ಕಟು ವಿರೋಧ. ಉಳಿಯುವವರ ಮನೆಗೆ ಈ ಚರ್ಚೆಯಲ್ಲಷ್ಟೇ ಹುಡುಕಿದರೆ ಸಾಲದು. 2008ರ ಜನವರಿಯಲ್ಲಿ ನ್ಯೂ ಹ್ಯಾಂಪ್‌ಶೈರಿನ ಸಭೆಯೊಂದರಲ್ಲಿ, ನಮ್ಮವರು ಸಾಯದೆ ಗಾಯಗೊಳ್ಳದೆ ಇರುವುದಾದರೆ ನೂರು ವರ್ಷ ಇದ್ದರೂ ಅಡ್ಡಿಯಿಲ್ಲ ಎಂಬರ್ಥದಲ್ಲಿ ಮೆಕೇನ್ ಹೇಳಿದ್ದರು. ಜಪಾನ್, ದಕ್ಷಿಣ ಕೊರಿಯಾಗಳಲ್ಲಿ ಇರುವ ಹಾಗೆ ಎಂಬ ಹೋಲಿಕೆಯೂ ಜತೆಗಿತ್ತು. ಎದುರು ಪಾಳಯ ಅದನ್ನು ನೂರು ವರ್ಷ ಯುದ್ಧ ಎಂದು ಮಾರಿತು. ಆ ‘ಇರುವುದಾದರೆ’ಯನ್ನು ಬಿಟ್ಟು ಉದ್ಧರಿಸಿದರೆ ಓದಿಕೊಂಡ ತೀರ್ಪುಗಾರರು ಅಂಕ ಕಡಿಯುತ್ತಾರೆ, ಕಡಿಯಲೂಬೇಕು.

ಹಾಳೆಯ ಬೆನ್ನಿಗೆ ನಂತರ ಆದದ್ದೇನು ಎಂದು ಬರೆದುಕೊಳ್ಳಿ. ಚುನಾವಣೆ ಮುಗಿದ ಮೇಲೆ, 2008ರ ನವೆಂಬರ್ 17ರಂದು, ಇನ್ನೂ ಅಧಿಕಾರದಲ್ಲಿದ್ದ ಬುಷ್ ಸರಕಾರವೇ ಇರಾಕಿನೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿತು. 2009ರ ಜೂನ್ 30ಕ್ಕೆ ನಗರಗಳಿಂದ ಸೇನೆ ಹೊರಕ್ಕೆ, 2011ರ ಡಿಸೆಂಬರ್ 31ಕ್ಕೆ ಪೂರ್ತಿ ಹೊರಕ್ಕೆ. ಒಬಾಮಾ ಹೇಳಿದ 16 ತಿಂಗಳೂ ಅಲ್ಲ, ಮೆಕೇನ್ ಬಯಸಿದ ಗಡುವಿಲ್ಲದ ವಾಪಸಾತಿಯೂ ಅಲ್ಲ. ವೇದಿಕೆಯ ಮೇಲೆ ಇಲ್ಲದ ಮೂರನೆಯವರು, ಅಂದರೆ ಇರಾಕಿನ ಸರಕಾರ, ದಿನಾಂಕ ಬೇಕೆಂದು ಪಟ್ಟು ಹಿಡಿದಿತ್ತು. ಗಡುವಿನ ಪರ ಮಾತಾಡುವವರಿಗೂ ವಿರೋಧ ಮಾತಾಡುವವರಿಗೂ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಹಾಗಾದರೆ ಅರ್ಧ ಅಂಕ ಏಕೆ ಕಡಿತ? ಪುಟ ಉದ್ದ, ಮೊಬೈಲ್‌ನಲ್ಲಿ ಎಲ್ಲಿದ್ದೇವೆ ಎಂದೇ ತಿಳಿಯುವುದಿಲ್ಲ, ಯಾವ ನಿಮಿಷದಲ್ಲಿ ಆಡಿದ ಮಾತು ಎಂಬ ಗುರುತಿಲ್ಲ. ಹಳ್ಳಿಯ ನೆಟ್‌ವರ್ಕ್‌ನಲ್ಲಿ ಪುಟ ನಡುವೆ ಮತ್ತೆ ಲೋಡ್ ಆದರೆ ಜಾಗ ತಪ್ಪುತ್ತದೆ. ಪುಟದ ಕೊನೆಯಲ್ಲಿ ಸಿದ್ಧ ಉಲ್ಲೇಖ ಸಾಲು ಕೊಟ್ಟಿರುವುದು ಮಾತ್ರ ಅನುಕೂಲ. ಮೂಲ ಕೇಳುವ ಅಂತರ ವಿಶ್ವವಿದ್ಯಾಲಯ ಸ್ಪರ್ಧೆಗೆ ಅದನ್ನೇ ನಕಲು ಮಾಡಬಹುದು.

ಚರ್ಚೆಯೇ ನಡೆಯದ ಚುನಾವಣೆಗಳು

ಈ ಕಡತಗಳನ್ನು ಬಳಸುವವರು ಬೀಳುವ ದೊಡ್ಡ ಗುಂಡಿ ಇದು. ವಿಯೆಟ್ನಾಂ ಯುದ್ಧ ಮುಗಿಸುವುದೇ ಮುಖ್ಯ ಪ್ರಶ್ನೆಯಾಗಿದ್ದ 1968 ಮತ್ತು 1972ರ ಚುನಾವಣೆಗಳಲ್ಲಿ ಅಧ್ಯಕ್ಷೀಯ ಚರ್ಚೆ ನಡೆಯಲೇ ಇಲ್ಲ. 1964, 1968, 1972 ಮೂರೂ ಖಾಲಿ. ‘ನಿಕ್ಸನ್ ಡಿಬೇಟ್’ ಎಂದು ಹುಡುಕಿದರೆ 1960ರದ್ದು ಬರುತ್ತದೆ, ಅದು ಬೇರೆಯೇ ಕಾಲದ ಕಥೆ.

ಹಾಗಾಗಿ ವಿಯೆಟ್ನಾಂ ವಾದವನ್ನು ಭಾಷಣಗಳಿಂದ ಜೋಡಿಸಿಕೊಳ್ಳಬೇಕು. 1968ರ ಸೆಪ್ಟೆಂಬರ್ 30ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಹ್ಯೂಬರ್ಟ್ ಹಂಫ್ರಿ, ಶಾಂತಿಗಾಗಿ ಒಪ್ಪಬಹುದಾದ ಅಪಾಯ ಎಂದು ಉತ್ತರ ವಿಯೆಟ್ನಾಂ ಮೇಲಿನ ಬಾಂಬ್ ದಾಳಿ ನಿಲ್ಲಿಸುವುದಾಗಿ ಹೇಳಿದರು. ತಮ್ಮದೇ ಪಕ್ಷದ ಅಧ್ಯಕ್ಷ ಲಿಂಡನ್ ಜಾನ್ಸನ್‌ರಿಂದ ಒಂದು ಹೆಜ್ಜೆ ದೂರ ಸರಿದ ಗಳಿಗೆ ಅದು. ಅಕ್ಟೋಬರ್ 31ರಂದು ಜಾನ್ಸನ್ ತಾವೇ ದಾಳಿ ನಿಲ್ಲಿಸುವುದಾಗಿ ಘೋಷಿಸಿದರು. ನಿಕ್ಸನ್ ಬಳಿ ‘ರಹಸ್ಯ ಯೋಜನೆ’ ಇದೆ ಎಂದು ಅವರೇ ಹೇಳಿಕೊಂಡರು ಎಂಬ ಮಾತು ನಮ್ಮ ಸ್ಪರ್ಧೆಗಳಲ್ಲಿ ಕಿವಿಗೆ ಬೀಳುತ್ತಲೇ ಇರುತ್ತದೆ. ಆ ಪದಗಳು ಪತ್ರಿಕೆಯವರವು. ನ್ಯೂ ಹ್ಯಾಂಪ್‌ಶೈರಿನಲ್ಲಿ ನಿಕ್ಸನ್ ಹೇಳಿದ್ದು ಹೊಸ ನಾಯಕತ್ವ ಯುದ್ಧ ಮುಗಿಸಿ ಶಾಂತಿ ಗೆಲ್ಲುತ್ತದೆ ಎಂದಷ್ಟೇ; ಹೇಗೆ ಎಂದು ಹೇಳಲಿಲ್ಲ. ದಿನಾಂಕ, ಷರತ್ತು ಎರಡೂ ಮನೆ ಖಾಲಿ ಬಿಟ್ಟು ಗೆದ್ದ ಅಭ್ಯರ್ಥಿ.

ನಾಲ್ಕು ವರ್ಷದ ನಂತರ ನಿಕ್ಸನ್ ಎದುರು ನಿಂತ ಜಾರ್ಜ್ ಮೆಕ್‌ಗವರ್ನ್ ದಿನಾಂಕದ ಮನೆ ತುಂಬಿದರು: ಅಧಿಕಾರ ಹಿಡಿದ 90 ದಿನಗಳೊಳಗೆ ಸೇನೆ ವಾಪಸ್. ಚುನಾವಣೆಗೆ ಎರಡು ವಾರವೂ ಇಲ್ಲದಾಗ, 1972ರ ಅಕ್ಟೋಬರ್ 26ರಂದು, ನಿಕ್ಸನ್‌ರ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್ ಶಾಂತಿ ಕೈಗೆಟುಕುವಷ್ಟು ಹತ್ತಿರವಿದೆ ಎಂದರು. ಮೆಕ್‌ಗವರ್ನ್‌ಗೆ ದಕ್ಕಿದ್ದು ಮ್ಯಾಸಚೂಸೆಟ್ಸ್ ಮತ್ತು ವಾಷಿಂಗ್ಟನ್ ಡಿ.ಸಿ. ಮಾತ್ರ. ಒಪ್ಪಂದಕ್ಕೆ ಸಹಿ ಬಿದ್ದದ್ದು 1973ರ ಜನವರಿ 27ರಂದು, ಪ್ಯಾರಿಸ್ಸಿನಲ್ಲಿ. ಅದರಲ್ಲಿ 60 ದಿನಗಳೊಳಗೆ ಸೇನೆ ಹೊರಕ್ಕೆ, ಅದೇ ಅವಧಿಯಲ್ಲಿ ಕೈದಿಗಳ ಬಿಡುಗಡೆ ಎಂದಿತ್ತು. 90 ದಿನದವರು ಸೋತರು, 60 ದಿನದ ಒಪ್ಪಂದ ಬಂತು. ಸ್ಪರ್ಧೆಯಲ್ಲಿ ಇದನ್ನು ಹೇಳುವವರು ಮಧ್ಯದ ನಾಲ್ಕು ವರ್ಷದ ಸಾವುಗಳನ್ನು ಮರೆಯದೆ ಹೇಳಬೇಕು, ಇಲ್ಲದಿದ್ದರೆ ಎದುರಾಳಿ ಅಲ್ಲೇ ಹಿಡಿಯುತ್ತಾರೆ.

ಇಲ್ಲಿಂದ ಹಾಳೆಗೆ ಐದನೆಯ ಕಾಲಂ ಸೇರಿಸಿಕೊಳ್ಳಿ: ಯುದ್ಧಕೈದಿಗಳು. ಕೊರಿಯಾ ಯುದ್ಧದ ಕದನವಿರಾಮ ತಿಂಗಳುಗಟ್ಟಲೆ ಸಿಕ್ಕಿಕೊಂಡದ್ದು ಇದೇ ಮುಳ್ಳಿಗೆ. 1952ರ ಅಕ್ಟೋಬರ್ 24ರಂದು ಡೆಟ್ರಾಯಿಟ್‌ನಲ್ಲಿ ಅಧ್ಯಕ್ಷ ಅಭ್ಯರ್ಥಿ ಐಸೆನ್‌ಹೋವರ್ ‘ನಾನು ಕೊರಿಯಾಗೆ ಹೋಗುತ್ತೇನೆ’ ಎಂದರು. ಏನು ಮಾಡುತ್ತೇನೆ ಎನ್ನಲಿಲ್ಲ. ಎದುರಾಳಿ ಅಡ್ಲೈ ಸ್ಟೀವನ್‌ಸನ್ ಬಳಿ ಆ ಒಂದು ವಾಕ್ಯಕ್ಕೆ ತಕ್ಕ ಉತ್ತರ ಇರಲಿಲ್ಲ. ಡಿಸೆಂಬರಿನಲ್ಲಿ ಐಸೆನ್‌ಹೋವರ್ ಹೋಗಿಯೂ ಬಂದರು. 1953ರ ಜುಲೈ 27ಕ್ಕೆ ಕದನವಿರಾಮವಾಯಿತು, ತಾಯ್ನಾಡಿಗೆ ಮರಳಲೊಲ್ಲದ ಇಪ್ಪತ್ತೆರಡು ಸಾವಿರಕ್ಕೂ ಮಿಕ್ಕಿದ ಕೈದಿಗಳ ಹೊಣೆ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಬಂತು. ಅದರ ಅಧ್ಯಕ್ಷತೆ ಭಾರತದ್ದು, ಕುರ್ಚಿಯಲ್ಲಿ ಕೂತವರು ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. ಡೆಟ್ರಾಯಿಟ್‌ನ ಚುನಾವಣಾ ಭಾಷಣದಿಂದ ಮಡಿಕೇರಿಯವರೆಗೆ ಎಳೆ ಹೀಗೆ ಸಿಗುತ್ತದೆ. ಕನ್ನಡ ವೇದಿಕೆಯಲ್ಲಿ ಈ ಎಳೆಗೆ ಬೆಲೆಯಿದೆ, ಆದರೆ ಅಮೆರಿಕದ ಚರ್ಚಾ ಕಡತಗಳಲ್ಲಿ ಮಾತ್ರ ಹುಡುಕಿದರೆ ಕೈಗೆ ಹತ್ತುವುದಿಲ್ಲ.

ಪ್ರಣಾಳಿಕೆಯ ಪುಟಗಳನ್ನೂ ಎಚ್ಚರದಿಂದ ಓದಬೇಕು. ಅಮೆರಿಕದ ಅಂತರ್ಯುದ್ಧದ ನಡುವೆ ಬಂದ 1864ರ ಡೆಮಾಕ್ರಟಿಕ್ ಪ್ರಣಾಳಿಕೆ, ಯುದ್ಧದ ಪ್ರಯೋಗ ನಾಲ್ಕು ವರ್ಷ ಸೋತಿದೆ, ಕಾದಾಟ ನಿಲ್ಲಿಸಲು ತಕ್ಷಣ ಯತ್ನಿಸಬೇಕು ಎನ್ನುತ್ತದೆ. ಅಷ್ಟನ್ನೇ ಓದಿದವರು ಲಿಂಕನ್ ಎದುರು ನಿಂತ ಜಾರ್ಜ್ ಮೆಕ್‌ಕ್ಲೆಲನ್ ಶಾಂತಿವಾದಿ ಎಂದುಕೊಳ್ಳುತ್ತಾರೆ. ಸೆಪ್ಟೆಂಬರಿನಲ್ಲಿ ಬರೆದ ಸ್ವೀಕಾರ ಪತ್ರದಲ್ಲಿ ಮೆಕ್‌ಕ್ಲೆಲನ್ ಆ ಅಂಶದಿಂದ ದೂರ ಸರಿದು, ಒಕ್ಕೂಟ ಒಂದಾಗದೆ ಶಾಂತಿಯಿಲ್ಲ ಎಂದಿದ್ದರು. ಅಷ್ಟರಲ್ಲಿ, ಸೆಪ್ಟೆಂಬರ್ 2ಕ್ಕೆ, ದಕ್ಷಿಣದವರ ಅಟ್ಲಾಂಟಾ ಲಿಂಕನ್ ಸೇನೆಯ ವಶವಾಗಿತ್ತು. ಪಕ್ಷದ ಮಾತು ಒಂದು, ಅಭ್ಯರ್ಥಿಯ ಮಾತು ಇನ್ನೊಂದು. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಳ್ಳಿ.

ಚರ್ಚೆಗಳ ಆಯೋಗದ ತಾಣ

ಡಿಬೇಟ್ಸ್ ಡಾಟ್ ಆರ್ಗ್. 1987ರಲ್ಲಿ ಹುಟ್ಟಿದ ಆಯೋಗ 1988ರಿಂದ 2020ರವರೆಗೆ ಈ ಚರ್ಚೆಗಳನ್ನು ಏರ್ಪಡಿಸಿತು. ಪುಟಗಳು ಸರಳ, ಹಳೆಯ ಮೊಬೈಲ್‌ನಲ್ಲೂ ಬೇಗ ತೆರೆದುಕೊಳ್ಳುತ್ತವೆ, ಉಪಾಧ್ಯಕ್ಷ ಅಭ್ಯರ್ಥಿಗಳ ಚರ್ಚೆಯೂ ಪಕ್ಕದಲ್ಲೇ ಸಿಗುತ್ತದೆ. ಮೊದಲ ಸಲ ಇಂಥ ಪಠ್ಯ ಓದುವ ಪಿಯುಸಿ ಮಕ್ಕಳಿಗೆ ಇದೇ ಸುಲಭ.

2012ಕ್ಕೆ ಈ ತಾಣ ಹೇಳಿ ಮಾಡಿಸಿದ್ದು. ಅಕ್ಟೋಬರ್ 11ರ ಉಪಾಧ್ಯಕ್ಷ ಚರ್ಚೆಯಲ್ಲಿ ಜೋ ಬೈಡನ್ 2014ಕ್ಕೆ ಅಫ್ಘಾನಿಸ್ತಾನದಿಂದ ಹೊರಡುತ್ತೇವೆ, ಅಷ್ಟೇ, ಮುಂದೆ ಮಾತಿಲ್ಲ ಎಂಬಂತೆ ಹೇಳುತ್ತಾರೆ. ಎದುರಾಳಿ ಪಾಲ್ ರಯಾನ್ ವರ್ಷ ಒಪ್ಪುತ್ತಾರೆ, ಆದರೆ ದಿನಾಂಕ ಸಾರಿ ಹೇಳಿದರೆ ಶತ್ರು ಕಾಯುತ್ತಾ ಕೂರುತ್ತಾನೆ ಎಂಬ ವಾದ ಹೂಡುತ್ತಾರೆ. ಅಕ್ಟೋಬರ್ 22ಕ್ಕೆ ರಯಾನ್ ಪಕ್ಷದ ಅಧ್ಯಕ್ಷ ಅಭ್ಯರ್ಥಿ ಮಿಟ್ ರಾಮ್ನಿ, ನಿರೂಪಕ ಬಾಬ್ ಶೀಫರ್ ಪ್ರಶ್ನೆಗೆ, ತಾನೂ 2014ರ ಅಂತ್ಯಕ್ಕೆ ಸೇನೆ ತರುವುದಾಗಿ ಹೇಳಿ ಜಗಳವನ್ನೇ ಮುಗಿಸಿಬಿಡುತ್ತಾರೆ. ಎರಡೂ ಪಠ್ಯವನ್ನು ಅಕ್ಕಪಕ್ಕ ಇಟ್ಟರೆ, ಭಿನ್ನಾಭಿಪ್ರಾಯ ಹನ್ನೊಂದು ದಿನದಲ್ಲಿ ಹೇಗೆ ಕರಗಿತು ಎಂದು ಕಾಣುತ್ತದೆ. ಕೊನೆಗೆ ಅಮೆರಿಕದ ಸೇನೆ ಕಾಬೂಲ್ ಬಿಟ್ಟದ್ದು 2021ರ ಆಗಸ್ಟ್ 30ರಂದು. ಅದಕ್ಕೆ ಆಧಾರವಾದ ದೋಹಾ ಒಪ್ಪಂದ 2020ರ ಫೆಬ್ರುವರಿ 29ರದ್ದು, ತಾಲಿಬಾನ್ ಜತೆ, ಟ್ರಂಪ್ ಸರಕಾರದ್ದು. ಟ್ರಂಪ್ ಸರಕಾರ ಸಹಿ ಹಾಕಿದ್ದನ್ನು ಬೈಡನ್ ಸರಕಾರ ಜಾರಿಗೆ ತಂದಿತು. 2024ರಲ್ಲಿ ಆ ಹೊಣೆಯನ್ನು ಎರಡೂ ಕಡೆಯವರು ಒಬ್ಬರ ಮೇಲೊಬ್ಬರು ಎಸೆದಾಡಿದರು.

ಆದರೆ ಆ 2024 ಇಲ್ಲಿಲ್ಲ. ಆ ವರ್ಷದ ಎರಡು ಚರ್ಚೆಗಳನ್ನು ಸಿಎನ್‌ಎನ್ ಮತ್ತು ಎಬಿಸಿ ವಾಹಿನಿಗಳು ನಡೆಸಿದವು, ಆಯೋಗವಲ್ಲ. ಉಕ್ರೇನ್ ವಿಷಯ ಬೇಕಾದವರು ಇಲ್ಲಿ ಹುಡುಕಿ ಸಮಯ ಕಳೆಯಬೇಡಿ, ಸಾಂಟಾ ಬಾರ್ಬರಾ ತಾಣಕ್ಕೇ ಹೋಗಿ. ಜೂನ್ 27ರ ಅಟ್ಲಾಂಟಾ ಚರ್ಚೆಯಲ್ಲಿ, ಹಿಡಿದ ನೆಲ ತನಗೆ, ನೇಟೊ ಆಸೆ ಬಿಡಬೇಕು ಎಂಬ ಪುಟಿನ್ ಷರತ್ತು ಒಪ್ಪಿಗೆಯೇ ಎಂದು ನಿರೂಪಕಿ ಡೇನಾ ಬ್ಯಾಶ್ ಕೇಳಿದಾಗ ಟ್ರಂಪ್ ಇಲ್ಲ ಎಂದರು. ಸೆಪ್ಟೆಂಬರ್ 10ರ ಫಿಲಡೆಲ್ಫಿಯಾ ಚರ್ಚೆಯಲ್ಲಿ ಉಕ್ರೇನ್ ಗೆಲ್ಲಬೇಕೆಂದು ಬಯಸುತ್ತೀರಾ ಎಂದು ನಿರೂಪಕ ಡೇವಿಡ್ ಮ್ಯೂರ್ ಕೇಳಿದರೆ, ಯುದ್ಧ ನಿಲ್ಲಬೇಕು ಎಂಬುದು ಟ್ರಂಪ್ ಉತ್ತರ. ಮತ್ತೆ ಕೇಳಿದರೂ ಹೌದು, ಅಲ್ಲ ಎಂದು ಬರಲಿಲ್ಲ. ಅಧಿಕಾರ ವಹಿಸುವ ಮೊದಲೇ ಮುಗಿಸುತ್ತೇನೆ ಎಂದೂ ಹೇಳಿದರು. ಕಮಲಾ ಹ್ಯಾರಿಸ್ ಮಾತು: ಟ್ರಂಪ್ ಅಧ್ಯಕ್ಷರಾಗಿದ್ದರೆ ಪುಟಿನ್ ಈಗ ಕೀವ್‌ನಲ್ಲಿ ಕೂತಿರುತ್ತಿದ್ದರು. ಹಾಳೆಗೆ ಇಳಿಸಿ ನೋಡಿ. ಟ್ರಂಪ್ ಸಾಲಿನಲ್ಲಿ ದಿನಾಂಕ ಇದೆ, ಷರತ್ತು ಖಾಲಿ. ಹ್ಯಾರಿಸ್ ಸಾಲಿನಲ್ಲಿ ಯಾರ ಬೆಂಬಲಕ್ಕೆ ಎಂಬುದಿದೆ, ದಿನಾಂಕ ಖಾಲಿ. ಟ್ರಂಪ್ ಅಧಿಕಾರ ವಹಿಸಿದ 2025ರ ಜನವರಿ 20 ಬಂತು, ಯುದ್ಧ ನಿಂತಿರಲಿಲ್ಲ.

ಸಿ-ಸ್ಪ್ಯಾನ್

ಅಮೆರಿಕದ ಕೇಬಲ್ ಉದ್ಯಮ 1979ರಲ್ಲಿ ಶುರುಮಾಡಿದ ಸಾರ್ವಜನಿಕ ವ್ಯವಹಾರಗಳ ವಾಹಿನಿ. ವಿಡಿಯೊದ ಕೆಳಗೆ ಮಾತಿನ ಪಠ್ಯ ಓಡುತ್ತದೆ, ಪದ ಹುಡುಕಿ ಆ ಜಾಗಕ್ಕೆ ಹಾರಬಹುದು. ಆ ಪಠ್ಯ ನೇರಪ್ರಸಾರದ ಶೀರ್ಷಿಕೆಯಿಂದ ಬಂದದ್ದು, ತಿದ್ದಿದ್ದಲ್ಲ. ದೇಶ, ಊರುಗಳ ಹೆಸರು ಆಗಾಗ ಕೆಟ್ಟಿರುತ್ತದೆ. ಆದ್ದರಿಂದ ಇಲ್ಲಿಂದ ಉದ್ಧರಿಸಬೇಡಿ. ದನಿ, ವಿರಾಮ, ಅಡ್ಡಮಾತು ತಿಳಿಯಲು ಮಾತ್ರ ಬಳಸಿ. 2004ರ ಸೆಪ್ಟೆಂಬರ್ 30ರ ಬುಷ್–ಕೆರಿ ಚರ್ಚೆ ಇದಕ್ಕೆ ತಕ್ಕದ್ದು. ಇರಾಕ್ ಯುದ್ಧವನ್ನು ತಪ್ಪು ಯುದ್ಧ, ತಪ್ಪು ಜಾಗ, ತಪ್ಪು ಸಮಯ ಎಂದ ಕೆರಿ ಹೇಗೆ ಸೈನಿಕರನ್ನು ಮುನ್ನಡೆಸುತ್ತಾರೆ ಎಂದು ಬುಷ್ ಮತ್ತೆ ಮತ್ತೆ ಕೇಳುತ್ತಾರೆ. ಕಾಗದದ ಮೇಲೆ ಪುನರುಕ್ತಿಯಂತೆ ಕಾಣುವ ಈ ಮಾತು, ಕಿವಿಗೆ ಬಿದ್ದಾಗ ಸುತ್ತಿಗೆ ಪೆಟ್ಟು.

90 ನಿಮಿಷದ ವಿಡಿಯೊವನ್ನು 360ಪಿ ಗುಣಮಟ್ಟದಲ್ಲಿ ನೋಡಿದರೂ ಸುಮಾರು ಅರ್ಧ ಜಿಬಿ ಡೇಟಾ ಹೋಗುತ್ತದೆ. ದಿನದ ಡೇಟಾ ಪ್ಯಾಕ್ ನೆಚ್ಚಿಕೊಂಡವರು ಮೊದಲು ಪಠ್ಯದಲ್ಲಿ ಜಾಗ ಗುರುತಿಸಿ, ಆ ಹತ್ತು ನಿಮಿಷ ಮಾತ್ರ ನೋಡಿ.

ಯೂಟ್ಯೂಬ್‌ನ ಕನ್ನಡ ಸಬ್‌ಟೈಟಲ್

ಕಂಪ್ಯೂಟರ್‌ನಲ್ಲಿ ಸಿಸಿ ಒತ್ತಿ, ಹಲ್ಲುಚಕ್ರದ ಗುರುತಿನೊಳಗೆ ಸಬ್‌ಟೈಟಲ್ ಆಯ್ದು, ತಾನೇ ಅನುವಾದಿಸುವ ಪಟ್ಟಿಯಿಂದ ಕನ್ನಡ ಆರಿಸುವುದು. ಇಂಗ್ಲಿಷ್ ತೊಡಕಾಗುವ ಗ್ರಾಮಾಂತರ ಕಾಲೇಜಿನ ವಿದ್ಯಾರ್ಥಿಗಳಿಗೆ ಇದು ವರದಂತೆ ಕಾಣುತ್ತದೆ. ಕೆಡುವುದು ಎರಡು ಕಾರಣಕ್ಕೆ. ಒಂದು, ಯಂತ್ರದ ಶೀರ್ಷಿಕೆಗೆ ಮಾತಾಡಿದವರು ಯಾರು ಎಂಬ ಗುರುತಿಲ್ಲ. ಇಬ್ಬರೂ ಒಟ್ಟಿಗೆ ಮಾತಾಡಿದಾಗ ಒಬ್ಬರ ವಾಕ್ಯದ ಬಾಲ ಇನ್ನೊಬ್ಬರ ತಲೆಗೆ ಅಂಟಿಕೊಳ್ಳುತ್ತದೆ. ಎರಡು, ವಾಕ್ಯ ಮುಗಿಯುವ ಮೊದಲೇ ಸಾಲು ತುಂಡಾಗಿ, ತುಂಡು ತುಂಡೇ ಅನುವಾದವಾಗುತ್ತದೆ. ಕನ್ನಡದಲ್ಲಿ ಕ್ರಿಯಾಪದ, ಅದರ ಜತೆಗೆ ನಿಷೇಧ, ವಾಕ್ಯದ ಕೊನೆಗೆ ಬರಬೇಕು. ತುಂಡಿನಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ಹಾಗಾಗಿ ಸೇನೆ ತೆಗೆಯಬಾರದು ಎಂದವರು ತೆಗೆಯಬೇಕು ಎಂದಂತೆ ಕಾಣಬಹುದು. ಯುದ್ಧ ನಿಲ್ಲಿಸುವ ಚರ್ಚೆಯಲ್ಲಿ ಇದಕ್ಕಿಂತ ಕೆಟ್ಟ ತಪ್ಪು ಉಂಟೆ?

ಕನ್ನಡ ಬೇಕೇ ಬೇಕೆಂದರೆ ದಾರಿ ಬೇರೆ. ಪಠ್ಯದಿಂದ ಒಬ್ಬ ಅಭ್ಯರ್ಥಿಯ ಒಂದು ಪೂರ್ತಿ ಉತ್ತರವನ್ನು ನಕಲು ಮಾಡಿ ಗೂಗಲ್ ಅನುವಾದಕ್ಕೆ ಕೊಡಿ. ವಾಕ್ಯ ಪೂರ್ತಿ ಇರುವುದರಿಂದ ಫಲ ಎಷ್ಟೋ ವಾಸಿ. ಆಮೇಲೆ ಇಂಗ್ಲಿಷ್ ಮೂಲದಲ್ಲಿ ‘ನಾಟ್’, ‘ನೆವರ್’, ‘ಅನ್‌ಲೆಸ್’ ಎಲ್ಲೆಲ್ಲಿವೆ ಎಂದು ಎಣಿಸಿ, ಕನ್ನಡದಲ್ಲಿ ಅಷ್ಟೂ ಉಳಿದಿವೆಯೇ ನೋಡಿ. ಎಐ ಚಾಟ್‌ಗಳನ್ನು ಸಾರಾಂಶಕ್ಕೆ ಬಳಸುವವರು ಉದ್ಧರಣಚಿಹ್ನೆಯೊಳಗಿನ ಪ್ರತಿ ಮಾತನ್ನೂ ಮೂಲ ಪುಟದಲ್ಲಿ ಹುಡುಕಿ ಸಿಕ್ಕರೆ ಮಾತ್ರ ಇಟ್ಟುಕೊಳ್ಳಬೇಕು. ಇಲ್ಲದ ಮಾತನ್ನು ಚೆಂದವಾಗಿ ಕಟ್ಟಿಕೊಡುವುದು ಅವಕ್ಕೆ ಲೀಲಾಜಾಲ.

ಕಾಗದಕ್ಕೆ ಇಳಿಸುವುದು

ಪಾವಗಡ, ಶಿರಾ ಕಡೆಯಿಂದ ಬಸ್ಸಿನಲ್ಲಿ ಬರುವವರಿಗೆ, ಯಶವಂತಪುರದ ರೈಲಿನಲ್ಲಿ ಓಡಾಡುವವರಿಗೆ ಮೊಬೈಲ್ ಪರದೆಗಿಂತ ಕಾಗದವೇ ಮೇಲು. ಒಂದು ಪೂರ್ತಿ ಚರ್ಚೆ ಹದಿನೈದು ಸಾವಿರ ಪದಗಳ ಆಸುಪಾಸು. 11ರ ಅಕ್ಷರ ಗಾತ್ರದಲ್ಲಿ ಎ4ನ ಮೂವತ್ತು ಪುಟದಷ್ಟಾಗುತ್ತದೆ. ಎರಡೂ ಬದಿ ಮುದ್ರಿಸಿದರೆ 15 ಹಾಳೆ. ಪೂರ್ತಿ ಬೇಡ. ಯುದ್ಧದ ಪ್ರಶ್ನೆ, ಎರಡೂ ಉತ್ತರ, ನಂತರದ ತಳ್ಳಾಟ ಇಷ್ಟನ್ನು ಗೂಗಲ್ ಡಾಕ್ಸ್‌ಗೆ ಅಂಟಿಸಿದರೆ ಆರೆಂಟು ಪುಟಕ್ಕೆ ಇಳಿಯುತ್ತದೆ. ಬಲಗಡೆ ಐದು ಸೆಂಟಿಮೀಟರ್ ಅಂಚು ಬಿಡಿ, ಕನ್ನಡ ಟಿಪ್ಪಣಿ ಅಲ್ಲಿ. ಮಾತಾಡಿದವರ ಹೆಸರನ್ನು ದಪ್ಪ ಅಕ್ಷರಕ್ಕೆ ತಿರುಗಿಸಿಕೊಳ್ಳಿ. ಕಪ್ಪುಬಿಳುಪು ಜೆರಾಕ್ಸ್‌ನಲ್ಲಿ ಬಣ್ಣದ ಗುರುತು ಬೂದಿಯಾಗುತ್ತದೆ.

ಕಡತವನ್ನು ಕಡ್ಡಾಯವಾಗಿ ಪಿಡಿಎಫ್ ಮಾಡಿಯೇ ಅಂಗಡಿಗೆ ಕಳಿಸಬೇಕು. ಮೊಬೈಲ್‌ನಲ್ಲಿ ಯೂನಿಕೋಡ್‌ನಲ್ಲಿ ಬರೆದ ಕನ್ನಡ ಟಿಪ್ಪಣಿ, ಕಾಲೇಜಿನೆದುರಿನ ಅಂಗಡಿಯ ಹಳೆಯ ಕಂಪ್ಯೂಟರಿನ ವರ್ಡ್‌ನಲ್ಲಿ ತೆರೆದಾಗ ಒತ್ತಕ್ಷರ ಕಳಚಿಕೊಂಡು ಚೌಕಗಳಾಗಿ ನಿಲ್ಲುವುದುಂಟು. ಅಲ್ಲಿಯವರು ನುಡಿ ಫಾಂಟ್‌ಗೆ ಬದಲಿಸಿ ಸರಿಮಾಡಲು ಹೋದರೆ ಇಂಗ್ಲಿಷ್ ಭಾಗವೂ ಕನ್ನಡದ ಅಕ್ಷರಗಳಾಗಿ ಕಲಸಿಹೋಗುತ್ತದೆ. ಪಿಡಿಎಫ್‌ನಲ್ಲಿ ಅಕ್ಷರವಿನ್ಯಾಸ ಒಳಗೇ ಕೂತಿರುವುದರಿಂದ ಈ ತಾಪತ್ರಯವಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ. ಕಡತದ ಹೆಸರಿನಲ್ಲಿ ವರ್ಷ, ತಿಂಗಳು, ದಿನ, ಇಬ್ಬರ ಹೆಸರು ಇರಲಿ: 2008-09-26 ಒಬಾಮಾ ಮೆಕೇನ್. ಐದಾರು ಚರ್ಚೆ ಕೂಡಿದ ಮೇಲೆ ‘ಡಿಬೇಟ್ ಫೈನಲ್ 2’ ಎಂಬ ಹೆಸರಿನಿಂದ ಏನೂ ಗೊತ್ತಾಗುವುದಿಲ್ಲ.